ಭಾವಚಿತ್ರದ ಕಸುಬಿಗೆ ಯಾವ ಕಾರ್ಯಾಗಾರ?

ಮೊಗ್ಗಿನ ಜಡೆ ಹೆಣೆಸಿಕೊಂಡು, ರೇಷ್ಮೆ ಲಂಗ ಉಟ್ಟು, ಹಿಂದೊಂದು ನಿಲುವುಗನ್ನಡಿ ಇಟ್ಟುಕೊಂಡು ನಿಂತ ಬಾಲಕಿಯ ಫೋಟೊ ಕನ್ನಡನಾಡಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂದಿಗೂ ಇದೆ. ಬೇಸಿಗೆಯಲ್ಲಿ ಮಲ್ಲಿಗೆ ಅಗ್ಗವಾದಾಗ ಅಜ್ಜಿಯೋ ಅತ್ತೆಯೋ ಜಡೆ ಹೆಣೆಯುತ್ತಿದ್ದರು. ಹೂ ಬಾಡುವ ಮೊದಲೇ ಮಗುವನ್ನು ಸ್ಟುಡಿಯೊಗೆ ಕರೆದೊಯ್ಯಬೇಕಿತ್ತು. ಮುಖ ಕ್ಯಾಮೆರಾ ಕಡೆಗೆ, ಜಡೆ ಕನ್ನಡಿಯಲ್ಲಿ. ಒಂದೇ ಚಿತ್ರದಲ್ಲಿ ಎರಡೂ ಕಾಣಬೇಕು.

ಮಲ್ಲಿಗೆಯ ಊರೆಂದೇ ಹೆಸರಾದ ಹೂವಿನಹಡಗಲಿಗೆ ಈ ಚಿತ್ರ ಹೊಸದಲ್ಲ. ತುಂಗಭದ್ರೆಯ ಮೇಲೆ ಹಡಗಿನಲ್ಲಿ ವಿಜಯನಗರಕ್ಕೆ ಹೂ ಹೋಗುತ್ತಿದ್ದುದರಿಂದ ಊರಿಗೆ ಈ ಹೆಸರು ಬಂತೆಂಬ ಪ್ರತೀತಿ ಇದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಜಡೆಯ ಫೋಟೊ ತೆಗೆಸಲು ಇಂದು ಸ್ಟುಡಿಯೊಗೇ ಹೋಗಬೇಕಾಗಿಲ್ಲ. ಮನೆಮನೆಯಲ್ಲೂ ಮೊಬೈಲ್ ಇದೆ. ಹಾಗಿದ್ದರೆ ಭಾವಚಿತ್ರವನ್ನೇ ನಂಬಿದ ಕಸುಬಿಗೆ ಮುಂದೇನು ಗತಿ? ಈ ಪ್ರಶ್ನೆ ಎದುರಾದಾಗಲೆಲ್ಲ ಕೇಳಿಬರುವ ಮಾತು, ‘ಒಂದು ಒಳ್ಳೆಯ ಕಾರ್ಯಾಗಾರಕ್ಕೆ ಹೋಗಿ ಬಾ’ ಎಂಬುದು. ಯಾವುದು ಒಳ್ಳೆಯದು ಎಂದು ತಿಳಿಯುವುದೇ ಕಷ್ಟ.

ಒಂದು ಮನೆಯ ಮಾತು

ಹಡಗಲಿಯ ಬಜಾರಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಸ್ಟುಡಿಯೊ ನಡೆಸಿಕೊಂಡು ಬಂದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ರಜೆಯಲ್ಲಿ ಅಂಗಡಿಯಲ್ಲಿ ಕುಳಿತು ಕೆಲಸ ಕಲಿತಿದ್ದಾಳೆ. ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ದಿನದ ಕಾರ್ಯಾಗಾರವಿದೆ, ಶುಲ್ಕ ಹದಿನೈದು ಸಾವಿರ ಎಂಬ ಜಾಹೀರಾತು ಅವಳ ಕಣ್ಣಿಗೆ ಬಿದ್ದಿದೆ.

‘ಎರಡು ದಿನಕ್ಕ ಹದಿನೈದು ಸಾವಿರ ಅಂದ್ರ ಏನ್ ಕಲಿಸ್ತಾರವ್ವಾ ಅವರು?’ ಎಂದು ತಂದೆ ಕೇಳುತ್ತಾನೆ. ‘ಅಪ್ಪಾ, ಅಲ್ಲಿ ದೊಡ್ಡ ದೊಡ್ಡ ಫೋಟೊಗ್ರಾಫರ್ ಬರ್ತಾರ’ ಎನ್ನುತ್ತಾಳೆ ಮಗಳು. ಇಬ್ಬರ ಮಾತಿನಲ್ಲೂ ಹುರುಳಿದೆ. ತಂದೆಯ ಪ್ರಶ್ನೆಗೆ ಉತ್ತರ ಸಿಗದೆ ಹಣ ಕಟ್ಟಬಾರದು. ಹಾಗೆಂದು ಕಲಿಯುವುದನ್ನೇ ಕೈಬಿಟ್ಟರೆ ಅಂಗಡಿ ಉಳಿಯುವುದಿಲ್ಲ. ಮೊದಲ ಡಿಜಿಟಲ್ ಕ್ಯಾಮೆರಾ 1975ರಲ್ಲಿ ತಯಾರಾದದ್ದು ಕೊಡಕ್ ಕಂಪನಿಯಲ್ಲೇ; ಆದರೂ ಫಿಲ್ಮಿನ ಲಾಭವನ್ನೇ ಬಹುಕಾಲ ನೆಚ್ಚಿದ ಆ ಕಂಪನಿ 2012ರ ಜನವರಿಯಲ್ಲಿ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಪಾಡೇ ಹೀಗಾದರೆ ಸಣ್ಣ ಊರಿನ ಸ್ಟುಡಿಯೊದ ಮಾತೇನು?

ಎಷ್ಟು ಬಗೆಯ ಕಾರ್ಯಾಗಾರ?

ಕಾರ್ಯಾಗಾರ ಎಂಬ ಒಂದೇ ಹೆಸರಿನಲ್ಲಿ ನಡೆಯುವ ಶಿಬಿರಗಳು ಒಂದೇ ಬಗೆಯವಲ್ಲ.

ಮೊದಲನೆಯದು ಕ್ಯಾಮೆರಾ ಅಥವಾ ಲೈಟಿನ ಕಂಪನಿಗಳು ಏರ್ಪಡಿಸುವಂಥದು. ಶುಲ್ಕ ಇರುವುದಿಲ್ಲ ಅಥವಾ ಅಲ್ಪವಾಗಿರುತ್ತದೆ. ಹೊಸ ಸಾಮಗ್ರಿಯ ಪರಿಚಯಕ್ಕೆ ಇದು ಸಾಕು. ಆದರೆ ಸಾಮಗ್ರಿ ಮಾರುವುದೇ ಇದರ ಉದ್ದೇಶವಾದ್ದರಿಂದ, ಕೊಳ್ಳುವ ತೀರ್ಮಾನವನ್ನು ಅಲ್ಲಿಯೇ ಮಾಡದೆ ಮನೆಗೆ ಬಂದು ಮಾಡುವುದು ಲೇಸು.

ಎರಡನೆಯದು ಛಾಯಾಗ್ರಾಹಕರ ಸಂಘಗಳು ನಡೆಸುವಂಥದು. ದಕ್ಷಿಣ ಕನ್ನಡ–ಉಡುಪಿಯಲ್ಲಿ ಸೌತ್ ಕೆನರಾ ಫೋಟೊಗ್ರಾಫರ್ಸ್ ಅಸೋಸಿಯೇಷನ್ ಇರುವಂತೆ ಹಲವು ಕಡೆ ವೃತ್ತಿನಿರತರ ಸಂಘಗಳಿವೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥವು ಹವ್ಯಾಸಿಗಳದು. ಕಲೆಯ ಕಣ್ಣು ತೆರೆಸಲು ಹವ್ಯಾಸಿ ಸಂಘ ಒಳ್ಳೆಯದು. ದರ, ಗಿರಾಕಿ, ಬಾಕಿ ವಸೂಲಿಯ ಕಷ್ಟಸುಖಕ್ಕೆ ವೃತ್ತಿಯ ಸಂಘವೇ ಸರಿ.

ಮೂರನೆಯದು ಹೆಸರಾಂತ ಛಾಯಾಗ್ರಾಹಕರು ಹೆಚ್ಚಿನ ಶುಲ್ಕ ಪಡೆದು ನಡೆಸುವಂಥದು. ಇದರಲ್ಲೇ ಹೆಚ್ಚು ಎಚ್ಚರ ಬೇಕು. ಹಲವೆಡೆ ಲೈಟನ್ನು ಮೊದಲೇ ಜೋಡಿಸಿಟ್ಟಿರುತ್ತಾರೆ, ರೂಪದರ್ಶಿಯನ್ನು ನಿಲ್ಲಿಸಿರುತ್ತಾರೆ, ಮೂವತ್ತು ನಲವತ್ತು ಮಂದಿ ಸರದಿಯಂತೆ ಒಂದೇ ಚಿತ್ರವನ್ನು ಕ್ಲಿಕ್ಕಿಸಿ ಬರುತ್ತಾರೆ. ಚಿತ್ರವೇನೋ ಚೆನ್ನಾಗಿ ಬರುತ್ತದೆ. ಲೈಟನ್ನು ಅಲ್ಲಿಯೇ ಏಕೆ ಇಟ್ಟರು ಎಂಬುದು ತಿಳಿಯದೆ ಹೋದರೆ ಊರಿಗೆ ಬಂದ ಮೇಲೆ ಅಂಥದೇ ಇನ್ನೊಂದನ್ನು ತೆಗೆಯಲು ಬರುವುದಿಲ್ಲ.

ನಾಲ್ಕನೆಯದು ಬ್ಯಾಂಕುಗಳ ಆಶ್ರಯದ ಸ್ವಉದ್ಯೋಗ ತರಬೇತಿ. ಹಳ್ಳಿಯ ತರುಣ ತರುಣಿಯರು ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಉಜಿರೆಯ ದಾರಿ

ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ 1982ರಲ್ಲಿ ಉಜಿರೆಯಲ್ಲಿ ‘ರುಡ್‌ಸೆಟ್’ ಸಂಸ್ಥೆಯನ್ನು ಆರಂಭಿಸಿದವು. ನಿರುದ್ಯೋಗಿಗಳಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಸಾಲಕ್ಕೆ ದಾರಿ ತೋರಿಸಿ, ಅನಂತರವೂ ಅವರ ಬೆನ್ನಿಗೆ ನಿಲ್ಲುವುದು ಇದರ ಕ್ರಮ. ಧಾರವಾಡ, ಚಿತ್ರದುರ್ಗಗಳಲ್ಲೂ ಇದರ ಶಾಖೆಗಳಿವೆ. ಈ ಮಾದರಿಯನ್ನೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮೆಚ್ಚಿ, 2009ರಿಂದೀಚೆಗೆ ಜಿಲ್ಲೆಗೊಂದರಂತೆ ‘ಆರ್‌ಸೆಟಿ’ ಕೇಂದ್ರಗಳನ್ನು ಬ್ಯಾಂಕುಗಳ ಮೂಲಕ ತೆರೆಯಿಸಿತು.

ಈ ಕೇಂದ್ರಗಳು ಕಲಿಸುವ ಕಸುಬುಗಳ ಪಟ್ಟಿಯಲ್ಲಿ ಫೋಟೊಗ್ರಫಿ ಮತ್ತು ವಿಡಿಯೊಗ್ರಫಿ ಸೇರಿದೆ. ಅವಧಿ ಸುಮಾರು ಒಂದು ತಿಂಗಳು. ತರಬೇತಿ, ಊಟ, ವಸತಿ ಉಚಿತ. ತರಬೇತಿಯ ಅನಂತರ ಎರಡು ವರ್ಷ ಕೇಂದ್ರದವರು ಅಭ್ಯರ್ಥಿಯ ಸಂಪರ್ಕದಲ್ಲಿರುತ್ತಾರೆ. ಎಲ್ಲ ಕೇಂದ್ರಗಳಲ್ಲೂ ಎಲ್ಲ ಕಾಲದಲ್ಲೂ ಈ ತರಬೇತಿ ನಡೆಯುವುದಿಲ್ಲವಾದ್ದರಿಂದ ವರ್ಷದ ವೇಳಾಪಟ್ಟಿಯನ್ನು ಕೇಳಿ ಪಡೆಯಬೇಕು. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿವೆ. ಯಾವ ಕೇಂದ್ರಕ್ಕೆ ಅರ್ಜಿ ಹಾಕಬೇಕೆಂಬುದನ್ನು ತಾಲ್ಲೂಕು ಪಂಚಾಯಿತಿ ಅಥವಾ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಬಹುದು.

ಹೊಸದಾಗಿ ಕಸುಬಿಗೆ ಇಳಿಯುವವರಿಗೆ ಇದು ಹೇಳಿ ಮಾಡಿಸಿದಂಥದು. ಈಗಾಗಲೇ ಅಂಗಡಿ ಇದ್ದು, ಭಾವಚಿತ್ರದಲ್ಲೇ ಪಳಗಬೇಕೆನ್ನುವವರಿಗೆ ಇದು ತಳಹದಿಯಷ್ಟೆ. ಅನಂತರ ಸಣ್ಣ ಕಾರ್ಯಾಗಾರ ಬೇಕಾದೀತು. ಓದಿನ ಹಾದಿಯಲ್ಲೇ ಹೋಗಬಯಸುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ‘ಕಾವಾ’ದಲ್ಲಿ ಛಾಯಾಚಿತ್ರಣದ ವಿಭಾಗವಿದೆ. ಊಟಿಯಲ್ಲಿ 2001ರಲ್ಲಿ ಆರಂಭವಾದ ಲೈಟ್ ಅಂಡ್ ಲೈಫ್ ಅಕಾಡೆಮಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ನಾತಕೋತ್ತರ ಶಿಕ್ಷಣ ಇವು ದೂರದ, ದುಬಾರಿಯ ಮಾತು.

ಮೊಗ್ಗಿನ ಜಡೆಯ ಪರೀಕ್ಷೆ

ಕಾರ್ಯಾಗಾರ ನಡೆಸುವವರನ್ನು ಅಳೆಯುವುದು ಹೇಗೆ? ಊರಿನ ಕೆಲಸವನ್ನೇ ಮುಂದಿಟ್ಟು ಕೇಳಬೇಕು.

ಮೊಗ್ಗಿನ ಜಡೆಯ ಫೋಟೊವನ್ನೇ ತೆಗೆದುಕೊಳ್ಳಿ. ಕ್ಯಾಮೆರಾದ ಬೆಳಕಿನ ಮಾಪಕ ತನ್ನ ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದೆಂದು ಎಣಿಸುತ್ತದೆ. ಚೌಕಟ್ಟಿನ ತುಂಬ ಬಿಳಿ ಹೂವಿದ್ದರೆ ಚಿತ್ರವನ್ನು ಕಪ್ಪಾಗಿಸುತ್ತದೆ, ಮಗುವಿನ ಮುಖ ಮಂಕಾಗುತ್ತದೆ. ಕಪ್ಪು ಕೂದಲು, ಕಪ್ಪು ಪರದೆ ಹೆಚ್ಚಿದ್ದರೆ ಬೆಳಕು ಜಾಸ್ತಿಯಾಗಿ, ಒಂದೊಂದು ಮೊಗ್ಗೂ ಬಿಡಿಬಿಡಿಯಾಗಿ ಕಾಣುವ ಬದಲು ಬಿಳಿಯ ಮುದ್ದೆಯಾಗುತ್ತದೆ. ಇನ್ನು ಹಿಂದಿರುವ ಕನ್ನಡಿ: ಫ್ಲ್ಯಾಷನ್ನು ನೇರವಾಗಿ ಹೊಡೆದರೆ ಅದು ಕನ್ನಡಿಗೆ ತಾಗಿ ಲೆನ್ಸಿಗೇ ಮರಳುತ್ತದೆ. ಕನ್ನಡಿಯನ್ನು ಕೊಂಚ ಓರೆಯಾಗಿಸಿ, ಬೆಳಕನ್ನು ಪಕ್ಕದಿಂದ ತರಬೇಕು. ‘ಇದನ್ನು ಹೇಗೆ ತೆಗೆಯುವುದು, ಕಾರ್ಯಾಗಾರದಲ್ಲಿ ಮಾಡಿ ತೋರಿಸುವಿರಾ?’ ಎಂದು ಫೋನಿನಲ್ಲೇ ಕೇಳಬಹುದು. ತಿಳಿದವರು ಸಂತೋಷದಿಂದ ಉತ್ತರಿಸುತ್ತಾರೆ. ‘ಬನ್ನಿ, ಎಲ್ಲಾ ಹೇಳಿಕೊಡುತ್ತೇವೆ’ ಎಂದಷ್ಟೇ ಹೇಳುವವರ ಬಗ್ಗೆ ಯೋಚಿಸಬೇಕು.

ಎರಡನೆಯ ಪರೀಕ್ಷೆ ಮೈಬಣ್ಣದ್ದು. ಬಿಸಿಲ ಸೀಮೆಯ ಕಪ್ಪು, ಎಣ್ಣೆಗಪ್ಪು ಮುಖಗಳಿಗೆ ಬೆಳಕು ಕೊಡುವುದನ್ನು ಕಲಿಸುತ್ತಾರೋ, ಇಲ್ಲವೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುವುದನ್ನಷ್ಟೇ ಕಲಿಸುತ್ತಾರೋ? ಮುಖವನ್ನು ತಿದ್ದುವ ಕೆಲಸವನ್ನು ಇಂದು ಮೊಬೈಲೇ ಕ್ಷಣದಲ್ಲಿ ಮಾಡುತ್ತದೆ. ಅದನ್ನು ಕಲಿಯಲು ಹಣ ಕೊಡಬೇಕಾಗಿಲ್ಲ.

ಮೂರನೆಯದು ಹಿರಿಯರ ಚಿತ್ರ. ಮನೆಯ ಹಿರಿಯರು ತೀರಿಕೊಂಡ ಮರುದಿನ ಆಧಾರ್ ಕಾರ್ಡನ್ನೋ ಮದುವೆಯ ಗುಂಪು ಚಿತ್ರವನ್ನೋ ತಂದು, ‘ಇದರಾಗ ಅವ್ವನ ಮುಖ ದೊಡ್ಡದು ಮಾಡಿ ಕೊಡ್ರಿ’ ಎಂದು ಕೇಳುವವರನ್ನು ಕಾಣದ ಸ್ಟುಡಿಯೊ ಇರಲಾರದು. ಹಾರ ಹಾಕಲು ಬೇಕಾದ ಒಂದು ಒಳ್ಳೆಯ ಪಟ ಅವರು ಇದ್ದಾಗಲೇ ತೆಗೆಸಿದ್ದರೆ ಎಷ್ಟು ಚೆನ್ನಾಗಿತ್ತು! ಕಿಟಕಿಯ ಬೆಳಕು, ಎದುರಿಗೊಂದು ಬಿಳಿ ಥರ್ಮೊಕೋಲ್ ಹಾಳೆ, 85 ಮಿಲಿಮೀಟರಿನ ಆಸುಪಾಸಿನ ಲೆನ್ಸು ಇದಕ್ಕೆ ಸಾಕು. ವೈಡ್ ಲೆನ್ಸ್ ಹಿಡಿದು ತೀರ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಮುಖ ಕೆಡುತ್ತದೆ. ಇದಕ್ಕಿಂತ ಹೆಚ್ಚು ಬೇಕಾದುದು ಅಜ್ಜಿಯೊಡನೆ ಹತ್ತು ನಿಮಿಷ ಮಾತಾಡುವ ತಾಳ್ಮೆ. ಕನ್ನಡದ ಸಾಹಿತಿಗಳ ಭಾವಚಿತ್ರಗಳಿಂದ ಹೆಸರಾದ ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರ ಕೆಲಸವನ್ನು ನೋಡಿದರೆ, ಮುಖವನ್ನು ಓದುವುದೆಂದರೇನೆಂದು ಖರ್ಚಿಲ್ಲದೆ ತಿಳಿಯುತ್ತದೆ.

ಲೆಕ್ಕ ಕಲಿಸುತ್ತಾರೆಯೇ?

ಕಸುಬು ಬೆಳೆಸುವ ಕಾರ್ಯಾಗಾರ ಎಂದ ಮೇಲೆ ಒಂದು ಅರ್ಧ ದಿನವಾದರೂ ಲೆಕ್ಕಕ್ಕೆ ಮೀಸಲಿರಬೇಕು. ಅನೇಕ ಸ್ಟುಡಿಯೊಗಳು ಪಕ್ಕದ ಅಂಗಡಿಯ ದರ ನೋಡಿ ತಮ್ಮ ದರ ಇಡುತ್ತವೆ. ಅದು ಲೆಕ್ಕವಲ್ಲ.

ಉದಾಹರಣೆಗೆ ತಿಂಗಳಿಗೆ ಬಾಡಿಗೆ 6,000, ವಿದ್ಯುತ್ ಮತ್ತು ದುರಸ್ತಿ 2,000, ಸಹಾಯಕನಿಗೆ 9,000, ಮನೆಯ ಖರ್ಚಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕ್ಯಾಮೆರಾ, ಲೈಟುಗಳ ಬೆಲೆ 2,40,000. ಅವು ನಾಲ್ಕು ವರ್ಷ ಬಾಳುವುದಾದರೆ ತಿಂಗಳಿಗೆ 5,000ದಂತೆ ಸವೆಯುತ್ತವೆ. ಒಟ್ಟು 40,000. ಪಾಸ್‌ಪೋರ್ಟ್ ಅಳತೆಯ ಫೋಟೊ, ಜೆರಾಕ್ಸಿನಿಂದ 10,000 ಉಳಿದರೆ, ಮಿಕ್ಕ 30,000 ಭಾವಚಿತ್ರಗಳಿಂದ ಬರಬೇಕು. ತಿಂಗಳಿಗೆ 40 ಗಿರಾಕಿಗಳಾದರೆ ತಲಾ 750. ಪ್ರಿಂಟು, ಕಟ್ಟಿನ ಖರ್ಚು 250 ಸೇರಿಸಿದರೆ 1,000 ರೂಪಾಯಿ. ಅದಕ್ಕಿಂತ ಕಡಿಮೆ ದರಕ್ಕೆ ದುಡಿದರೆ ಕೈಯಿಂದ ಹಾಕಿದಂತೆ.

ಈಗ ಕಾರ್ಯಾಗಾರದ ಲೆಕ್ಕ. ಶುಲ್ಕ 15,000, ಬಸ್ಸು ಮತ್ತು ವಸತಿ 3,000, ಅಂಗಡಿಯ ಕೆಲಸ ತಪ್ಪಿದ್ದಕ್ಕೆ 2,000, ಒಟ್ಟು 20,000. ಅಲ್ಲಿ ಕಲಿತದ್ದರಿಂದ ಪ್ರತಿ ಗಿರಾಕಿಯಿಂದ 250 ರೂಪಾಯಿ ಹೆಚ್ಚು ಉಳಿಯುವಂತಾದರೆ 80 ಗಿರಾಕಿಗಳಲ್ಲಿ, ಅಂದರೆ ಎರಡು ತಿಂಗಳಲ್ಲಿ ಹಣ ಮರಳಿತು. ಕಲಿತು ಬಂದ ಮೇಲೂ ಹಳೆಯ ದರ, ಹಳೆಯ ಕೆಲಸವೇ ಆದರೆ ಅದು ಎಂದಿಗೂ ಮರಳುವುದಿಲ್ಲ.

ಕಾನೂನಿನ ಒಂದು ಮಾತನ್ನೂ ಅಲ್ಲಿ ಹೇಳಿಕೊಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಗಿರಾಕಿಯ ಮಗಳ ಚಿತ್ರವನ್ನು ಅಂಗಡಿಯ ಗಾಜಿನಲ್ಲೋ ಮೊಬೈಲ್ ಜಾಹೀರಾತಿನಲ್ಲೋ ಹಾಕುವ ಮೊದಲು ಒಪ್ಪಿಗೆಯನ್ನು ಬರೆಸಿಕೊಳ್ಳುವುದು ಕ್ಷೇಮ. ಊರಿನ ನಂಬಿಕೆಗೂ ಅದೇ ಆಧಾರ.

ಪಾಲಕರು ಕೇಳಬೇಕಾದುದು

ಹಣ ಕಟ್ಟುವ ಮುನ್ನ ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಕಲಿಸುವವರು ಇಂದಿಗೂ ಭಾವಚಿತ್ರದಿಂದಲೇ ಜೀವನ ಮಾಡುತ್ತಿದ್ದಾರೆಯೇ, ಇಲ್ಲವೆ ಕಾರ್ಯಾಗಾರಗಳೇ ಅವರ ಕಸುಬೇ? ತಂಡದಲ್ಲಿ ಎಷ್ಟು ಮಂದಿ? ಹದಿನೈದು ಮೀರಿದರೆ ಒಬ್ಬೊಬ್ಬರ ಕೈ ಹಿಡಿದು ಕಲಿಸುವುದು ಕಷ್ಟ. ಲೈಟನ್ನು ಅಭ್ಯರ್ಥಿಯೇ ಜೋಡಿಸಲು ಅವಕಾಶವಿದೆಯೇ? ಪಾಠ ಕನ್ನಡದಲ್ಲಿಯೇ? ಬರಲಾಗದಿದ್ದರೆ ಹಣ ಮರಳಿಸುತ್ತಾರೆಯೇ? ಹಿಂದಿನ ವರ್ಷ ಕಲಿತವರಲ್ಲಿ ಇಬ್ಬರ ಸಂಪರ್ಕ ಕೊಡುತ್ತಾರೆಯೇ? ಆ ಇಬ್ಬರನ್ನು ‘ಹೇಗಿತ್ತು?’ ಎಂದು ಕೇಳುವ ಬದಲು, ‘ಬಂದ ಮೇಲೆ ನಿಮ್ಮ ಅಂಗಡಿಯಲ್ಲಿ ಏನು ಬದಲಾಯಿತು?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಹೆಣ್ಣುಮಕ್ಕಳನ್ನು ಕಳಿಸುವ ತಾಯಂದಿರು ವಸತಿಯ ವ್ಯವಸ್ಥೆ, ತಂಡದಲ್ಲಿ ಬೇರೆ ಮಹಿಳೆಯರಿರುವರೇ ಎಂಬುದನ್ನು ವಿಚಾರಿಸುವುದು ಸಹಜ. ಆದರೆ ಆ ಅಳುಕೇ ದಾರಿಗೆ ಅಡ್ಡವಾಗಬಾರದು. ಕುಬುಸ, ಬಾಣಂತಿ-ಕೂಸು, ಮದುಮಗಳು—ಇಂಥ ಚಿತ್ರಗಳಿಗೆ ಹೆಣ್ಣುಮಗಳೇ ಕ್ಯಾಮೆರಾ ಹಿಡಿದು ಬಂದರೆ ಒಳಮನೆಯ ಬಾಗಿಲು ಸಲೀಸಾಗಿ ತೆರೆಯುತ್ತದೆ.

ಪ್ರಮಾಣಪತ್ರದ ಆಸೆಯೂ ಹೆಚ್ಚು ಬೇಡ. ಸ್ವಉದ್ಯೋಗ ಕೇಂದ್ರದ ಪತ್ರ ಬ್ಯಾಂಕಿನಲ್ಲಿ ಉಪಯೋಗಕ್ಕೆ ಬರುತ್ತದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ‘ಶಿಶು’ ಸಾಲ, 5 ಲಕ್ಷದವರೆಗಿನ ‘ಕಿಶೋರ’ ಸಾಲಗಳಿಗೆ ಅರ್ಜಿ ಹಾಕುವಾಗ ಅದು ಒಂದು ಆಧಾರ. ಮಿಕ್ಕವು ಗೋಡೆಗೆ ಅಂದ.

ಕಲ್ಪಿಸಿಕೊಂಡ ಆ ಮನೆಯ ಮಗಳು ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಕಳೆದ ವರ್ಷ ತಾನು ತೆಗೆದ ಇಪ್ಪತ್ತು ಭಾವಚಿತ್ರಗಳನ್ನು ಅಪ್ಪನ ಜೊತೆ ಕುಳಿತು ನೋಡಿ, ಎಲ್ಲಿ ತಪ್ಪಿದೆ ಎಂದು ಬರೆದಿಟ್ಟುಕೊಳ್ಳಬೇಕು. ಬೆಳಕೇ, ನಿಲುವೇ, ಗಿರಾಕಿಯೊಡನೆ ಮಾತೇ, ದರವೇ? ಆ ಚೀಟಿಯಲ್ಲಿರುವುದನ್ನು ಕಲಿಸುವ ಕಾರ್ಯಾಗಾರವೇ ಅವಳ ಪಾಲಿಗೆ ಒಳ್ಳೆಯದು. ಇಪ್ಪತ್ತೈದು ವರ್ಷ ಅದೇ ಊರಿನ ಮುಖಗಳನ್ನು ನೋಡಿದ ಅಪ್ಪನಿಂದಲೇ ಅರ್ಧ ಕಲಿಯಬಹುದೆಂದು ಆಗ ತಿಳಿದರೂ ಆಶ್ಚರ್ಯವಿಲ್ಲ. ಮಿಕ್ಕರ್ಧಕ್ಕೆ ಹಣ ಕೊಟ್ಟರೆ ತಪ್ಪಿಲ್ಲ.