ತಾಯಿಗೆ ಅರಿವಿಲ್ಲ ಅಂತೀರಲ್ಲ ಸ್ವಾಮಿ, ನಿಮಗಿದೆಯಾ?



ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ. ಅರ್ಧ ಓದಿ ಜಗಳಕ್ಕೆ ಬರಬೇಡಿ, ಪೂರ್ತಿ ಓದಿ ಬನ್ನಿ.

ಮೊನ್ನೆ ನಮ್ಮ ಕಡೆ ಪೋಷಣ್ ಮಾಸಾಚರಣೆ ಕಾರ್ಯಕ್ರಮ ಇತ್ತು. ಶಾಮಿಯಾನ, ತೋರಣ, ಮೇಜಿನ ಮೇಲೆ ಸೊಪ್ಪು, ಕಾಳು, ಹಣ್ಣುಗಳ ರಂಗೋಲಿ. ಭಾಷಣಕ್ಕೆ ಬಂದ ಅಧಿಕಾರಿ ಮುಂದೆ ಕೂತಿದ್ದ ಒಬ್ಬ ತಾಯಿಯ ಕೈಯಿಂದ ಮಗುವನ್ನು ಎತ್ತಿಸಿ ಸಭೆಗೆ ತೋರಿಸಿದರು. ಹದಿನಾಲ್ಕು ತಿಂಗಳ ಹೆಣ್ಣುಕೂಸು, ತೂಕ ಆರೂವರೆ ಕೆಜಿ. ಎದೆಹಾಲು ಬಿಡಿಸಿ ಬಾಟ್ಲಿ ಹಾಲು ಕೊಟ್ಟರೆ ಹೀಗಾಗುತ್ತೆ, ನಿಮ್ಮ ಜನಕ್ಕೆ ಎಷ್ಟು ಹೇಳಿದರೂ ಅರಿವಿಲ್ಲ ಅಂದರು. ಆ ತಾಯಿ ತಲೆ ತಗ್ಗಿಸಿ ಕೂತಳು. ಎರಡನೇ ಸಾಲಲ್ಲಿದ್ದ ನಾನೂ ಬಾಯಿ ಬಿಡಲಿಲ್ಲ. ಈ ಬರಹ ಆವತ್ತು ಬಿಡದ ಬಾಯಿಯದು.

ಆ ತಾಯಿ ಯಾರು ಅಂತ ನನಗೆ ಗೊತ್ತು. ನಾನು ಗುಮಾಸ್ತೆಯಾಗಿರುವ ಕಚೇರಿಯಲ್ಲಿ ಕಸ ಗುಡಿಸುವವಳು. ಹೊರಗುತ್ತಿಗೆ. ಹೆರಿಗೆಯಾಗಿ ನಲವತ್ತನೇ ದಿನಕ್ಕೆ ಪೊರಕೆ ಹಿಡಿದು ವಾಪಸ್ ಬಂದಳು. ಯಾಕವ್ವ ಇಷ್ಟು ಬೇಗ ಅಂದರೆ, "ಮನೇಲಿ ಕೂತ್ರೆ ಏಜೆನ್ಸಿಯೋನು ಬೇರೆಯವ್ರನ್ನ ಇಟ್ಕತಾನೆ ಅಕ್ಕಾ" ಅಂದಳು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಎರಡಕ್ಕೆ ವಾಪಸ್. ಹತ್ತು ಗಂಟೆ ಹೊತ್ತಿಗೆ ಎದೆ ಕಟ್ಟಿ, ರವಿಕೆ ನೆನೆದು, ಶೌಚಾಲಯಕ್ಕೆ ಹೋಗಿ ಹಾಲನ್ನು ಹಿಂಡಿ ಚೆಲ್ಲಿ ಬರುತ್ತಿದ್ದಳು. ಮನೆಯಲ್ಲಿ ಅತ್ತೆ ಅದೇ ಹೊತ್ತಿಗೆ ಎಮ್ಮೆ ಹಾಲಿಗೆ ನೀರು ಬೆರೆಸಿ ಬಾಟ್ಲಿಗೆ ಹಾಕುತ್ತಿದ್ದಳು. ಎರಡನೇ ತಿಂಗಳಿಗೆ ಭೇದಿ ಶುರುವಾಯಿತು, ಆಮೇಲೆ ಅದು ನಿಂತು ನಿಂತು ಬಂತು.

ಇವಳಿಗೆ ಅರಿವಿಲ್ಲವಂತೆ!

ಈಗ ನನ್ನ ಕಥೆ. ನನ್ನ ಮಗಳು ಹುಟ್ಟಿದಾಗ ನನಗೆ ಆರು ತಿಂಗಳು ಸಂಬಳ ಸಹಿತ ರಜೆ ಸಿಕ್ಕಿತು. ಮಗು ಆರು ತಿಂಗಳು ಎದೆಹಾಲು ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ, ಜೇನುತುಪ್ಪ ಇಲ್ಲ, ಸಕ್ಕರೆ ನೀರಿಲ್ಲ. ಎಲ್ಲರೂ ನನ್ನನ್ನು ತಿಳಿವಳಿಕೆ ಇರೋ ತಾಯಿ ಅಂದರು. ತಿಳಿವಳಿಕೆ ಅಲ್ಲ ಸ್ವಾಮಿ, ನನ್ನ ಹತ್ತಿರ ಇದ್ದದ್ದು ರಜೆ. ನಾನೂ ಅದೇ ಕೇರಿಯವಳು, ಅವಳೂ ಅದೇ ಕೇರಿಯವಳು. ನಡುವೆ ಇರೋದು ಒಂದು ಬಿ.ಎ., ಒಂದು ಕಾಯಂ ನೇಮಕಾತಿ ಆದೇಶ.

ಇನ್ನೊಂದು ವಿಷಯ ಹೇಳಲೇಬೇಕು, ಹೇಳದಿದ್ದರೆ ನಾನು ಕಳ್ಳಿ. ಹೊರಗುತ್ತಿಗೆಯವರಿಗೂ ಇಎಸ್‌ಐ ಇದ್ದರೆ 26 ವಾರ ಹೆರಿಗೆ ಭತ್ಯೆ ಸಿಗಬೇಕು. ಅವಳ ಸಂಬಳದಲ್ಲಿ ಇಎಸ್‌ಐ ಅಂತ ಮುರಿಯುತ್ತಿದ್ದರು. ಏಜೆನ್ಸಿಯವನು ಆ ಹಣ ಕಟ್ಟಿಯೇ ಇರಲಿಲ್ಲ. ಏಜೆನ್ಸಿಯ ತಿಂಗಳ ಬಿಲ್ಲಿನ ಫೈಲು ಯಾರ ಟೇಬಲ್ ಮೇಲೆ ಬಂದು ಹೋಗ್ತಿತ್ತು ಗೊತ್ತಾ? ನನ್ನ ಟೇಬಲ್ ಮೇಲೆ. ಚಲನ್ ಪ್ರತಿ ಲಗತ್ತಿಸಿದ್ದಾರಾ ಅಂತ ನೋಡಬೇಕಾದವಳು ನಾನು. ಎಲ್ಲರೂ ಬಿಟ್ಟಂತೆ ನಾನೂ ಬಿಟ್ಟೆ, ಟಿಪ್ಪಣಿ ಬರೆದು ಮಂಡಿಸಿದೆ. ಹಾಗಾಗಿ ಆ ಆರೂವರೆ ಕೆಜಿಯಲ್ಲಿ ನನ್ನ ಸಣ್ಣ ಸಹಿಯ ಪಾಲೂ ಇದೆ. ಆ ಅಧಿಕಾರಿಯನ್ನು ಬೈಯೋಕೆ ಮುಂಚೆ ಇದನ್ನು ಬರೆದುಕೊಂಡಿದ್ದೇನೆ.

ಬಾಬಾಸಾಹೇಬರು 1928ರ ಜುಲೈನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿ ಮಾತಾಡಿದ್ದರು. ಹೆರಿಗೆಗೆ ಮುಂಚೆ, ಹೆರಿಗೆ ಆದಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಹೆಣ್ಣಾಳಿನಿಂದ ಲಾಭ ಪಡೆಯುವ ಮಾಲೀಕನೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಅನ್ನೋದು ಅವರ ವಾದ. ಮಾರನೇ ವರ್ಷ ಆ ಕಾನೂನು ಆಯಿತು. ಏಪ್ರಿಲ್ 14ರಂದು ಡಿಜೆ ಹಾಕಿ ಕುಣಿಯುವ ನಮ್ಮ ತಮ್ಮಂದಿರಲ್ಲಿ ಎಷ್ಟು ಜನಕ್ಕೆ ಈ ಭಾಷಣದ ವಿಷಯ ಗೊತ್ತು? ಕುಣೀರಿ, ಬೇಡ ಅನ್ನಲ್ಲ. ನಾನೂ ಕುಣಿದಿದ್ದೀನಿ.

ಈಗ ಲೆಕ್ಕ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. 65 ಮಕ್ಕಳಿಗೆ ರಕ್ತಹೀನತೆ. ಇಡೀ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಾಗುವಷ್ಟು ಬಗೆಯ, ಸಾಕಾಗುವಷ್ಟು ಸಲ ಊಟ ಸಿಗೋದು 100ಕ್ಕೆ ಸುಮಾರು 11 ಮಕ್ಕಳಿಗೆ. ಜಾತಿವಾರು ನೋಡಿದರೆ, ಕುಳ್ಳಾಗಿ ಉಳಿದ ಮಕ್ಕಳು ಪರಿಶಿಷ್ಟ ಜಾತಿಯಲ್ಲಿ 100ಕ್ಕೆ 39, ಪರಿಶಿಷ್ಟ ಪಂಗಡದಲ್ಲಿ 41, ಮೀಸಲಾತಿ ಇಲ್ಲದ ಜಾತಿಗಳಲ್ಲಿ 30. ಅರಿವಿನ ಕೊರತೆ ಜಾತಿ ಸರ್ಟಿಫಿಕೇಟ್ ನೋಡಿಕೊಂಡು ಬರುತ್ತಾ?

ಮಗುವಿನ ಮೈಯೊಳಗೆ ಏನು ನಡೆಯುತ್ತೆ ಅಂತ ನಮ್ಮ ಸಭೆಗಳಲ್ಲಿ ಯಾರೂ ಮಾತಾಡಲ್ಲ, ಅದಕ್ಕೇ ಹೇಳ್ತೀನಿ. ಸುಮ್ಮನೆ ಮಲಗಿರುವ ಕೂಸಿನ ದೇಹ ಸುಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆದುಳಿಗೇ ಹೋಗುತ್ತೆ. ಮೊದಲ ಎರಡು ವರ್ಷದಲ್ಲಿ ಮೆದುಳು ಬೆಳೆಯುವ ವೇಗ ಆಮೇಲೆ ಇಲ್ಲ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶ ಹೆಚ್ಚು ಕಮ್ಮಿ ಆರು ತಿಂಗಳಿಗೆ ಮುಗಿಯುತ್ತೆ. ತಾಯಿಗೇ ರಕ್ತ ಕಡಿಮೆ ಇದ್ದು ಕೂಸು ಸಣ್ಣದಾಗಿ ಹುಟ್ಟಿದರೆ ಅದಕ್ಕೂ ಮುಂಚೆಯೇ. ಆರು ತಿಂಗಳ ನಂತರ ಎದೆಹಾಲು ಬೇಕು, ಆದರೆ ಎದೆಹಾಲೊಂದೇ ಸಾಲದು. ಆ ಹೊತ್ತಿಗೆ ಕಬ್ಬಿಣ ಸಿಗದಿದ್ದರೆ ಮುಂದೆ ಮಾತ್ರೆ ನುಂಗಿಸಿದರೂ ಮೆದುಳಿಗೆ ಆದ ನಷ್ಟ ಪೂರ್ತಿ ತುಂಬದೆ ಹೋಗಬಹುದು. ನಮ್ಮ ಮಕ್ಕಳು ದಡ್ಡರು ಅಂತ ನಾನು ಹೇಳ್ತಿಲ್ಲ, ಇದನ್ನು ಯಾರೂ ಹಾಗೆ ತಿರುಚಬೇಡಿ. ಇಷ್ಟೆಲ್ಲ ಕಿತ್ತುಕೊಂಡ ಮೇಲೂ ನಮ್ಮ ಮಕ್ಕಳು ರ‍್ಯಾಂಕ್ ತರ್ತಾರೆ. ಹದಿನೆಂಟನೇ ವಯಸ್ಸಿಗೆ ಸಿಇಟಿ ಪಟ್ಟಿ ಹಿಡಿದು ಮೆರಿಟ್ ಮೆರಿಟ್ ಅಂತ ಕಿರುಚುವವರು, ಓಟ ಶುರುವಾಗಿದ್ದು ಆರನೇ ತಿಂಗಳಲ್ಲಿ ಅನ್ನೋದನ್ನು ಮುಚ್ಚಿಡ್ತಾರೆ.

ಹಾಗಾದರೆ ಆ ಆರನೇ ತಿಂಗಳಿಂದ ಏನು ತಿನ್ನಿಸಬೇಕು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ: ಮಾಂಸ, ಮೀನು ಅಥವಾ ಮೊಟ್ಟೆ ದಿನಾ ಬೇಕು, ಹಣ್ಣು ತರಕಾರಿಯೂ ದಿನಾ ಬೇಕು. ಇದನ್ನು ನಮ್ಮಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಲ್ಲು ಬರದ ಕೂಸಿಗೆ ಬೆಂದ ಲಿವರ್ ತುಂಡನ್ನು ಬೆರಳಲ್ಲೇ ಹಿಸುಕಿ ಮುದ್ದೆಗೆ ಸವರಿ ಬಾಯಿಗಿಡುತ್ತಿದ್ದಳು. ಬಡವರ ಕಬ್ಬಿಣ ಅದು. ಅದಕ್ಕೆ ಏನಾಯಿತು? 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂತು, ದನದ ಮಾಂಸ ತರುವವನು ಹೆದರಿ ಹೆದರಿ ತರುವಂತಾಯಿತು. ಹೋಗಲಿ, ಮೊಟ್ಟೆ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಮಠಾಧೀಶರು ಬೀದಿಗೆ ಬಂದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ಅವರಿಗೆ ಉತ್ತರ ಕೊಟ್ಟ ವಿಡಿಯೊ ನೀವೆಲ್ಲ ಹಂಚಿದ್ದೀರಿ. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ನಮ್ಮ ರಾಜ್ಯದಿಂದ ಹೋದ ವರದಿಯೊಂದರಲ್ಲಿ ಮೊಟ್ಟೆ ಮಾಂಸದಿಂದ ಕಾಯಿಲೆ ಬರುತ್ತೆ ಅನ್ನೋ ಧಾಟಿಯ ಮಾತು ಬರೆದರು. ಬರೆದವರು ವೈದ್ಯರಂತೆ!

ಆ ಜಗಳದಲ್ಲಿ ನಾವು ಗೆದ್ದೆವು, ಶಾಲೆಗೆ ಮೊಟ್ಟೆ ಬಂತು. ಆದರೆ ಅಣ್ಣಂದಿರೇ, ಇಲ್ಲಿ ನಾವೇ ಒಂದು ತಪ್ಪು ಮಾಡಿದ್ದೇವೆ. ಶಾಲೆಯ ಮೊಟ್ಟೆ ಆರು ವರ್ಷ ದಾಟಿದ ಮಗುವಿಗೆ. ಅಂಗನವಾಡಿಯ ಮೊಟ್ಟೆ ಮೂರು ವರ್ಷ ತುಂಬಿದ ಮಗುವಿಗೆ. ಆರು ತಿಂಗಳಿಂದ ಮೂರು ವರ್ಷದವರೆಗೆ ಸಿಗೋದು ಪುಷ್ಟಿ ಪೊಟ್ಟಣ, ಅದನ್ನು ಮನೆಗೆ ಒಯ್ದರೆ ಮನೆಮಂದಿಯೆಲ್ಲ ಗಂಜಿ ಕಾಯಿಸಿ ಕುಡಿಯೋದು. ಕೂಸು ತೀರಾ ಸೊರಗಿ ಅಪೌಷ್ಟಿಕ ಮಕ್ಕಳ ಪಟ್ಟಿಗೆ ಬಿದ್ದರೆ ಆಗ ಮೊಟ್ಟೆ ಉಂಟು. ಅಂದರೆ ಮೊದಲು ಮಗು ಒಣಗಬೇಕು, ಆಮೇಲೆ ಮೊಟ್ಟೆ. ಮೆದುಳು ಯಾವಾಗ ಕೇಳುತ್ತೋ ಆಗ ಇಲ್ಲ.

ಈಕ್ವೆಡಾರ್ ಅನ್ನೋ ದೇಶದಲ್ಲಿ 6ರಿಂದ 9 ತಿಂಗಳ ಕೂಸುಗಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ಕೊಟ್ಟು ನೋಡಿದರು, ಕುಳ್ಳುತನ ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿಯಿತು. 2017ರಲ್ಲಿ ಇದು ಪ್ರಕಟ ಆಯಿತು. ಮಲಾವಿಯಲ್ಲಿ ಅದೇ ಪ್ರಯೋಗ ಮಾಡಿದಾಗ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಯಾರಾದರೂ ತಂದು ಮುಖಕ್ಕೆ ಹಿಡೀತಾರೆ. ಅಲ್ಲಿಯದು ಕೆರೆದಂಡೆ, ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ನಮ್ಮ ಕೇರಿಯ ಕೂಸುಗಳು ಯಾವ ಮೀನು ತಿಂತಿದ್ದಾವೆ?

ನಮ್ಮ ಕೇರಿಯ ಕೂಸುಗಳು ತಿನ್ನೋದು ಟೀಯಲ್ಲಿ ಅದ್ದಿದ ಐದು ರೂಪಾಯಿ ಬಿಸ್ಕತ್ತು. ಆ ಟೀ ಇರೋ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡಲ್ಲ. ಇದಕ್ಕೂ ತಾಯಂದಿರನ್ನೇ ಬೈತಾರೆ. ರಾಗಿ ಸರಿ ಮಾಡಿ ತಿನ್ನಿಸಿ ಅಂತ ವೇದಿಕೆಯಿಂದ ಉಪದೇಶ. ರಾಗಿ ಸರಿ ಹೇಗಾಗುತ್ತೆ ಗೊತ್ತಾ? ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಮೂರು ನಾಲ್ಕು ದಿನದ ಕೆಲಸ. ಅದರಲ್ಲಿ ವಿದ್ಯೆಯೂ ಇದೆ: ಮೊಳಕೆ ಕಟ್ಟಿದರೆ ಗಂಜಿ ಗಟ್ಟಿಯಾಗದೆ ತೆಳುವಾಗುತ್ತೆ, ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಇಳಿಯುತ್ತೆ, ರಾಗಿಯ ಕಬ್ಬಿಣವೂ ಚೂರು ಬಿಡುಗಡೆ ಆಗುತ್ತೆ. ನನ್ನವ್ವ ನನ್ನ ಮಗಳಿಗೆ ಮಾಡಿಕೊಟ್ಟಳು, ಯಾಕಂದರೆ ಆಗ ಅವಳು ಕೂಲಿ ಬಿಟ್ಟು ನನ್ನ ಮನೆಯಲ್ಲಿದ್ದಳು. ಬೆಳಗ್ಗೆ ಆರಕ್ಕೆ ಹೊರಡುವವಳ ಕೂಸನ್ನು ನೋಡಿಕೊಳ್ಳೋದು ಕಣ್ಣು ಮಂಜಾದ ಅತ್ತೆ, ಇಲ್ಲವೇ ಶಾಲೆ ಬಿಟ್ಟು ಕೂತ ಎಂಟು ವರ್ಷದ ಅಕ್ಕ. ಅವರ ಕೈಗೆ ಎಟುಕೋದು ಬಿಸ್ಕತ್ತು.

ಇನ್ನು ಅಂಗನವಾಡಿ. ನಾನು ಹುಟ್ಟಿದ್ದು ತಿ. ನರಸೀಪುರ ತಾಲೂಕಿನಲ್ಲಿ. ಐಸಿಡಿಎಸ್ ಕರ್ನಾಟಕಕ್ಕೆ ಕಾಲಿಟ್ಟಿದ್ದೇ ನಮ್ಮ ತಾಲೂಕಿಗೆ, 1975ರ ಅಕ್ಟೋಬರ್ 2ರಂದು. ನಾನೂ ಅಂಗನವಾಡಿ ಉಪ್ಪಿಟ್ಟು ತಿಂದವಳೇ, ತಟ್ಟೆ ಮನೆಯಿಂದ ಒಯ್ದು, ಗೋಡೆ ಬದಿಯ ಸಾಲಲ್ಲಿ ಕೂತು. ಯಾಕೆ ಗೋಡೆ ಬದಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದಲಿತರ ಎಲ್ಲ ಕೇರಿಗಳಲ್ಲೂ ಆದಷ್ಟು ಬೇಗ ಅಂಗನವಾಡಿ ತೆರೆಯಿರಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. ಈಗ ನಾನಿರುವ ಕಡೆ ಕೇಂದ್ರ ಇವತ್ತಿಗೂ ಮೇಲಿನ ಬೀದಿಯಲ್ಲಿದೆ. ಬಸುರಿ ಹೆಂಗಸು ಊಟಕ್ಕೆ ಅಷ್ಟು ದೂರ ಬಿಸಿಲಲ್ಲಿ ನಡೆದು, ಅಲ್ಲಿ ಜಗಲಿ ಅಂಚಲ್ಲಿ ಕೂತು ತಿನ್ನಬೇಕು. ಹಾಗಾಗಿ ಹೋಗಲ್ಲ. ಹೋಗದಿದ್ದರೆ ರಿಜಿಸ್ಟರಿನಲ್ಲಿ ಏನು ಬರೀತಾರೆ? ಫಲಾನುಭವಿಗೆ ಆಸಕ್ತಿ ಇಲ್ಲ.

ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಬಾಣಂತಿಗೆ 6000 ರೂಪಾಯಿಗೆ ಕಡಿಮೆ ಇಲ್ಲದಂತೆ ಕೊಡಬೇಕು ಅಂತಿದೆ. ಮಾತೃ ವಂದನಾ ಅಂತ ಹೆಸರಿಟ್ಟು ಮೊದಲ ಮಗುವಿಗೆ 5000 ಕೊಡ್ತಾರೆ. ಎರಡನೇದು ಹೆಣ್ಣಾದರೆ ಮಾತ್ರ ಉಂಟು. ನಮ್ಮ ಗುಡಿಸುವ ಹೆಣ್ಣುಮಗಳಿಗೆ ಅದೂ ಬಂದಿಲ್ಲ, ಆಧಾರ್‌ನಲ್ಲಿ ಗಂಡನ ಹೆಸರಿನ ಒಂದಕ್ಷರ ತಪ್ಪಂತೆ.

ನಮ್ಮ ಅಣ್ಣಂದಿರಿಗೆ ಒಂದು ಮಾತು. ಒಳಮೀಸಲಾತಿ, ಭೂಮಿ, ಬಡ್ತಿ, ಎಲ್ಲಕ್ಕೂ ನಾನು ಬಂದಿದ್ದೀನಿ, ಬ್ಯಾನರ್ ಹಿಡಿದಿದ್ದೀನಿ. ಕೂಸಿನ ಊಟದ ವಿಷಯ ಎತ್ತಿದರೆ ಮಾತ್ರ, "ಅದು ಮಹಿಳಾ ಘಟಕ ನೋಡ್ಕೊಳ್ಳಲಿ ಅಕ್ಕ" ಅಂತೀರಿ. ಕೂಸು ಮಹಿಳಾ ಘಟಕದ್ದಾ? ಮೊಟ್ಟೆ ತಂದಾಗ ಮೊದಲ ಪಾಲು ಗಂಡಸಿನ ತಟ್ಟೆಗೆ, ಉಳಿದದ್ದು ದೊಡ್ಡ ಮಗನಿಗೆ, ಬಾಣಂತಿಗೆ ಸಾರು. ಇದು ಮನುವಾದಿಗಳ ಮನೆಯ ಕಥೆಯಲ್ಲ, ನಮ್ಮದು.

ಸರ್ಕಾರಿ ಸಂಬಳ ತಿಂದು ಹೀಗೆ ಬರೀಬಹುದಾ ಅಂತ ಇನ್‌ಬಾಕ್ಸಿಗೆ ಬರುವವರಿಗೆ: ನಡತೆ ನಿಯಮ ನಾನೂ ಓದಿದ್ದೀನಿ. ಯಾವ ಪಕ್ಷದ ಹೆಸರೂ ಇಲ್ಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಕೇರಿಯ ತಾಯಂದಿರು ಸಿಡಿಪಿಒ ಕಚೇರಿಗೆ ಅರ್ಜಿ ಕೊಡ್ತಿದ್ದಾರೆ. ಕೇರಿಯಲ್ಲೇ ಅಂಗನವಾಡಿ, ಆರು ತಿಂಗಳಿಂದಲೇ ಪ್ರತಿ ಕೂಸಿಗೂ ಮೊಟ್ಟೆ, ನರೇಗಾದವರಿಗೆ ಪಂಚಾಯ್ತಿಯಲ್ಲಿ ಕೂಸಿನ ಮನೆ ಇರುವ ಹಾಗೆ ಪಟ್ಟಣದ ಗುಡಿಸುವ ಹೆಂಗಸರಿಗೂ ಕೂಸು ಬಿಡುವ ಜಾಗ. ಅರ್ಜಿ ಬರೆದದ್ದು ನಾನೇ, ಗುಮಾಸ್ತೆಯ ಕನ್ನಡದಲ್ಲಿ. ಗಂಡಸರು ಬನ್ನಿ. ಭಾಷಣಕ್ಕಲ್ಲ, ಅವರು ಒಳಗೆ ಹೋದಾಗ ಕೂಸುಗಳನ್ನು ಎತ್ತಿಕೊಳ್ಳೋಕೆ. ಏಜೆನ್ಸಿಯ ಈ ತಿಂಗಳ ಬಿಲ್ಲು ನನ್ನ ಟೇಬಲ್ ಮೇಲಿದೆ. ಇಎಸ್‌ಐ ಚಲನ್ ಲಗತ್ತಿಸಿಲ್ಲ ಅಂತ ಬರೆದು ವಾಪಸ್ ಕಳಿಸಿದ್ದೀನಿ. ಎರಡು ಸಲ ಫೋನ್ ಬಂತು, ಎತ್ತಿಲ್ಲ.