ಅಂಚೆಯಲ್ಲಿ ಬಂದ ಬೀಜ

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು ಅಂಚೆಯವರು ಮನೆಬಾಗಿಲಿಗೆ ತಂದುಕೊಡುತ್ತಿದ್ದ ಕಾಲವೊಂದಿತ್ತು. 'ಉಬುಂಟು' ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊದಲ ಆವೃತ್ತಿ ಹೊರಬಂದದ್ದು 2004ರ ಅಕ್ಟೋಬರಿನಲ್ಲಿ. ಅದರ ಹಿಂದಿದ್ದ ಕೆನಾನಿಕಲ್ ಸಂಸ್ಥೆಯು 'ಶಿಪ್‌ಇಟ್' ಯೋಜನೆಯ ಮೂಲಕ ಕೇಳಿದವರಿಗೆ ಸಿ.ಡಿ.ಗಳನ್ನು ಉಚಿತವಾಗಿ ಕಳುಹಿಸುತ್ತಿತ್ತು. ಅಂಚೆವೆಚ್ಚವನ್ನೂ ತಾನೇ ಭರಿಸುತ್ತಿತ್ತು.

ಗುಡ್ಡಗಾಡಿನವರಿಗೆ ಇದರ ಬೆಲೆ ಎಷ್ಟೆಂಬುದು ಸಣ್ಣ ಲೆಕ್ಕವೊಂದರಿಂದ ತಿಳಿಯುತ್ತದೆ. ಒಂದು ಸಿ.ಡಿ. ಹಿಡಿಸುವುದು ಸುಮಾರು 700 ಮೆಗಾಬೈಟ್. ದೂರವಾಣಿ ತಂತಿಯ ಮೂಲಕ ಅಂದು ದೊರೆಯುತ್ತಿದ್ದ ಡಯಲ್-ಅಪ್ ಅಂತರಜಾಲದ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಆ ವೇಗ ಎಲ್ಲಿಯೂ ಕುಂದದಿದ್ದರೂ ಅಷ್ಟನ್ನು ಇಳಿಸಿಕೊಳ್ಳಲು ಸುಮಾರು 28 ಗಂಟೆ ಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಮಲೆನಾಡಿನಲ್ಲಿ ಅಂಚೆಯೇ ಭರವಸೆಯ ಹಾದಿಯಾಗಿತ್ತು.

2011ರ ಏಪ್ರಿಲಿನಲ್ಲಿ ಆ ಯೋಜನೆ ನಿಂತಿತು. ಕೊಡುವವರು ಕೈಚೆಲ್ಲಿದಾಗ ದಾನ ನಿಲ್ಲುವುದು ಸಹಜ. ಆದರೆ ಆ ತಂತ್ರಾಂಶದ ಮೇಲೆ ನಮಗಿದ್ದ ಹಕ್ಕು ನಿಲ್ಲಲಿಲ್ಲ. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಬೆಳೆದ ವಿಚಾರ ಇದು: ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಅರಿಯುವ, ತಿದ್ದುವ ಮತ್ತು ಹಂಚುವ ಸ್ವಾತಂತ್ರ್ಯ ಬಳಕೆದಾರನಿಗಿರಬೇಕು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಉಬುಂಟುವಿನ ತಿರುಳು. ಅದರ ಪರವಾನಗಿಯಂತೆ, ತಿದ್ದಿ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡಬೇಕು.

ಬೀಜದ ವಿಚಾರದಲ್ಲಿ ಈ ನೀತಿ ನಮಗೆ ಹೊಸದಲ್ಲ. ನೆರೆಮನೆಯಿಂದ ಒಂದು ಕೊಳಗ ಬೀಜದ ಭತ್ತ ತಂದವರು ಸುಗ್ಗಿಯ ನಂತರ ಅದನ್ನು ಹಿಂದಿರುಗಿಸುತ್ತಿದ್ದರು. ಮತ್ತೊಬ್ಬರು ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ನಮ್ಮ ದೇಶದ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001 ಕೂಡ ಬೀಜವನ್ನು ಉಳಿಸುವ, ಮರುಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ಉಳಿಸಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೆ. ಆದರೆ ಸಂಕರ ತಳಿಯ ಬೀಜವನ್ನು ಉಳಿಸಿ ಬಿತ್ತಿದರೆ ಮುಂದಿನ ಪೀಳಿಗೆ ತಾಯಿಬೆಳೆಯಂತೆ ಬಾರದು. ಅಲ್ಲಿ ಹಕ್ಕು ಕಾಗದದಲ್ಲಿದ್ದರೂ ರೈತ ಪ್ರತಿವರ್ಷ ಅಂಗಡಿಗೇ ಹೋಗಬೇಕು.

ಆದ್ದರಿಂದ ಉಚಿತವಾದುದೆಲ್ಲ ಮುಕ್ತವಲ್ಲ. ಪುಕ್ಕಟೆ ಬೀಜದ ಪೊಟ್ಟಣವಾಗಲಿ, ಪುಕ್ಕಟೆ ತಂತ್ರಾಂಶವಾಗಲಿ ಕೈಗೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ನಾನು ಉಳಿಸಿಕೊಂಡು, ನೆರೆಯವರಿಗೆ ಕೊಡಬಹುದೇ?

ಈ ಪ್ರಶ್ನೆ ಪರಿಸರಕ್ಕೂ ಸಂಬಂಧಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಗೆ ಒಗ್ಗದ ಎಷ್ಟೋ ಯಂತ್ರಗಳು ಕೆಟ್ಟಿಲ್ಲದಿದ್ದರೂ ಗುಜರಿ ಸೇರಲಿವೆ. ಸೀಸ, ಕ್ಯಾಡ್ಮಿಯಂನಂತಹ ವಿಷಲೋಹಗಳುಳ್ಳ ಈ ಕಸ ಕೊನೆಗೆ ಸೇರುವುದು ಯಾರದೋ ಮಣ್ಣು-ನೀರನ್ನೇ. ಅವುಗಳಲ್ಲಿ ಹಲವಕ್ಕೆ ಮುಕ್ತ ವ್ಯವಸ್ಥೆಯೊಂದು ಇನ್ನೂ ಕೆಲವು ವರ್ಷಗಳ ಆಯುಷ್ಯ ಕೊಡಬಲ್ಲದು.

ಸಿ.ಡಿ. ಹೊತ್ತ ಲಕೋಟೆಗಾಗಿ ಇಂದು ಕಾಯಬೇಕಾಗಿಲ್ಲ. ಪೇಟೆಯ ಕಾಲೇಜಿಗೆ ಹೋಗುವ ವಿದ್ಯಾರ್ಥಿಯೊಬ್ಬ ಒಂದು ಪೆನ್‌ಡ್ರೈವಿನಲ್ಲಿ ಅದನ್ನು ತಂದರೆ ಸಾಕು, ಊರಿನ ಶಾಲೆಗೂ ಸಂಘಕ್ಕೂ ಪ್ರತಿ ಮಾಡಿಕೊಡಬಹುದು. ಬೀಜದ ಮುಡಿ ಕಟ್ಟಿಟ್ಟು ಊರನ್ನು ಸಾಕಿದ ಜನರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.