ಸ್ವಯಂಚಾಲನವೂ ಸ್ವಯಂನಿಯಂತ್ರಣವೂ

ಯಂತ್ರಗಳು ಮನುಷ್ಯನ ತೋಳಿನ ಶ್ರಮವನ್ನು ಕಡಮೆಮಾಡಿ ಬಹುಕಾಲವಾಯಿತು. ಈಚೆಗೆ ಅವು ಅವನ ಕಣ್ಣಿನ ಕಾವಲನ್ನೂ ಕಡಮೆಮಾಡುತ್ತಿವೆ. ತೊಟ್ಟಿ ತುಂಬಿದೊಡನೆ ನೀರು ತಾನಾಗಿ ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆ ತಕ್ಕಷ್ಟು ಕಾದೊಡನೆ ವಿದ್ಯುತ್ತು ತಾನಾಗಿ ಕಡಿಯುತ್ತದೆ. ಬೀದಿಯ ದೀಪ ಗೊತ್ತಾದ ಗಂಟೆಗೆ ತಾನಾಗಿ ಹತ್ತುತ್ತದೆ. ಇವೆಲ್ಲಕ್ಕೂ ನಾವು ‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರನ್ನು ಇಟ್ಟಿದ್ದೇವೆ. ಆದರೆ ಈ ಒಂದು ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ತಾನಾಗಿ ನಡೆಯುವುದು ಒಂದು. ನಡೆದುದರ ಫಲವನ್ನು ನೋಡಿ ತನ್ನನ್ನು ತಿದ್ದಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಸ್ವಯಂಚಾಲನವೆಂದೂ ಎರಡನೆಯದನ್ನು ಸ್ವಯಂನಿಯಂತ್ರಣವೆಂದೂ ಕರೆಯೋಣ. ಇವೆರಡನ್ನೂ ಒಂದೆಂದು ಭಾವಿಸಿರುವುದರಿಂದ ನಮ್ಮ ನಾಡಿನ ನೀರಿಗೂ ವಿದ್ಯುತ್ತಿಗೂ ನಷ್ಟವಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ.

ಮೈಸೂರು ಜಿಲ್ಲೆಯಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯ ದೇವನೂರಿನಂಥ ಊರುಗಳನ್ನು ನೆನೆಯೋಣ. ಕಬಿನಿಯೆಂದೂ ಕಪಿಲೆಯೆಂದೂ ಹೆಸರುಳ್ಳ ಹೊಳೆ ಈ ಸೀಮೆಯಲ್ಲಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಾಲುವೆಯ ನೀರು ಹತ್ತುವ ನೆಲದಲ್ಲಿ ಬತ್ತದ ಗದ್ದೆ. ಹತ್ತದ ನೆಲದಲ್ಲಿ ಕೊಳವೆಬಾವಿ ಮತ್ತು ಪಂಪ್‌ಸೆಟ್ಟು. ಇಂಥ ಊರುಗಳಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ದಿನದ ಕೆಲವೇ ಗಂಟೆಗಳಲ್ಲಿ ಸರದಿಯ ಮೇಲೆ ದೊರೆಯುತ್ತದೆ. ಸರದಿ ನಡುರಾತ್ರಿಯಲ್ಲಿ ಬರುವುದೂ ಉಂಟು. ಹಾವು ಚೇಳುಗಳಿಗೆ ಅಂಜುತ್ತ, ಬ್ಯಾಟರಿ ಹಿಡಿದು, ಕತ್ತಲಲ್ಲಿ ಹೊಲಕ್ಕೆ ಹೋಗಿ ಗುಂಡಿ ಒತ್ತುವ ಕಷ್ಟವನ್ನು ತಪ್ಪಿಸಲು ರೈತನು ‘ಆಟೋ ಸ್ಟಾರ್ಟರ್’ ಎಂಬ ಪೆಟ್ಟಿಗೆಯನ್ನು ಕೂರಿಸುತ್ತಾನೆ. ಮೂರು ಫೇಸುಗಳೂ ಬಂದೊಡನೆ ಅದು ಮೋಟಾರನ್ನು ತಾನಾಗಿ ನಡೆಸುತ್ತದೆ. ಒಂದು ಫೇಸು ತಪ್ಪಿದರೆ ಮೋಟಾರು ಸುಡದಂತೆ ನಿಲ್ಲಿಸುವ ಪೆಟ್ಟಿಗೆಗಳೂ ಉಂಟು. ರೈತನು ನೆಮ್ಮದಿಯಿಂದ ನಿದ್ರಿಸಬಹುದು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ವಿದ್ಯುತ್ತು ಬರುವಾಗ ಯಾವ ವಿವೇಕಿಯೂ ಹೀಗೆಯೇ ಮಾಡುವನು.

ಆದರೆ ಆ ಪೆಟ್ಟಿಗೆ ಏನನ್ನು ಬಲ್ಲದೆಂಬುದನ್ನು ವಿಚಾರಮಾಡಬೇಕು. ವಿದ್ಯುತ್ತು ಬಂದಿತೆಂಬುದನ್ನು ಅದು ಬಲ್ಲದು. ಹೊಲ ನೆನೆಯಿತೆಂಬುದನ್ನು ಅರಿಯದು. ಸಂಜೆ ಹದವಾದ ಮಳೆ ಬಿದ್ದಿದ್ದರೂ ರಾತ್ರಿ ಅದು ನೀರೆತ್ತುತ್ತದೆ. ಪಾತಿ ತುಂಬಿ, ಬದು ಒಡೆದು, ನೀರು ಹಾದಿಗೆ ಹರಿದರೂ ಅದಕ್ಕೆ ಸುದ್ದಿ ಮುಟ್ಟದು. ಬೇರಿನ ಆಳಕ್ಕಿಂತ ಕೆಳಗೆ ಇಳಿದ ನೀರು ಗಿಡಕ್ಕೆ ದಕ್ಕದು. ಇಳಿಯುವಾಗ ಗೊಬ್ಬರದ ಸತ್ತ್ವವನ್ನೂ ತೊಳೆದುಕೊಂಡು ಹೋಗುತ್ತದೆ. ಈ ಪೆಟ್ಟಿಗೆ ಮೋಟಾರನ್ನು ಕಾಯುತ್ತದೆ, ಬೆಳೆಯನ್ನು ಕಾಯುವುದಿಲ್ಲ. ಬೆಳೆಯ ಮಟ್ಟಿಗೆ ಅದು ಸ್ವಯಂಚಾಲಿತವೇ ಹೊರತು ಸ್ವಯಂನಿಯಂತ್ರಿತವಲ್ಲ.

ನಿಯಂತ್ರಣವೆಂದರೇನು? ಇದನ್ನು ತಿಳಿಯಲು ಪರದೇಶದ ಉದಾಹರಣೆಯೇನೂ ಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ ನೀರುಗಂಟಿಯದಾಗಿತ್ತು. ಅವನು ಬದುವಿನ ಮೇಲೆ ನಡೆದು, ಯಾವ ಗದ್ದೆಯಲ್ಲಿ ನೀರು ನಿಂತಿದೆ, ಯಾವುದು ಬಿರಿದಿದೆ ಎಂದು ನೋಡುತ್ತಿದ್ದನು. ನೋಡಿದುದನ್ನು ಬೆಳೆಗೆ ಬೇಕಾದ ನೀರಿನೊಡನೆ ಹೋಲಿಸುತ್ತಿದ್ದನು. ಬಳಿಕ ತೂಬನ್ನು ಎತ್ತುತ್ತಿದ್ದನು, ಇಲ್ಲವೆ ಇಳಿಸುತ್ತಿದ್ದನು. ಮತ್ತೆ ಹೋಗಿ ತನ್ನ ಕೆಲಸದ ಫಲವನ್ನು ನೋಡುತ್ತಿದ್ದನು. ಅಳೆಯುವುದು, ಹೋಲಿಸುವುದು, ತಿದ್ದುವುದು, ಮತ್ತೆ ಅಳೆಯುವುದು — ನಿಯಂತ್ರಣ ಶಾಸ್ತ್ರದ ಮೂಲತತ್ತ್ವ ಇಷ್ಟೇ. ಫಲದ ಸುದ್ದಿಯು ಹಿಂದಿರುಗಿ ಬಂದು ಕಾರಣವನ್ನು ತಿದ್ದುವುದನ್ನು ಎಂಜಿನಿಯರುಗಳು ‘ಫೀಡ್‌ಬ್ಯಾಕ್’ ಎನ್ನುವರು. ಕನ್ನಡದಲ್ಲಿ ಹಿಮ್ಮಾಹಿತಿ ಎನ್ನಬಹುದು. ಹಿಮ್ಮಾಹಿತಿಯುಳ್ಳ ಯಂತ್ರದಲ್ಲಿ ಕಾರಣ ಮತ್ತು ಫಲಗಳು ಸೇರಿ ಒಂದು ಮುಚ್ಚಿದ ಸುತ್ತಾಗುತ್ತವೆ. ಅದಿಲ್ಲದ ಯಂತ್ರದಲ್ಲಿ ಸುತ್ತು ತೆರೆದೇ ಇರುತ್ತದೆ.

ಈಗ ಮೊದಲು ಹೇಳಿದ ಮೂರು ಉದಾಹರಣೆಗಳನ್ನು ಮತ್ತೆ ನೋಡಬಹುದು. ತೊಟ್ಟಿಯ ತೇಲುಗುಂಡು ನೀರಿನ ಮಟ್ಟವನ್ನೇ ಅಳೆದು ನಲ್ಲಿಯನ್ನು ಮುಚ್ಚುತ್ತದೆ. ಇಸ್ತ್ರಿಪೆಟ್ಟಿಗೆಯೊಳಗಿನ ಎರಡು ಲೋಹಗಳ ಪಟ್ಟಿ ಶಾಖವನ್ನೇ ಅಳೆದು ಬಾಗುತ್ತದೆ. ಇವೆರಡೂ ಮುಚ್ಚಿದ ಸುತ್ತುಗಳು. ಗಡಿಯಾರವನ್ನು ನೋಡಿ ಹತ್ತುವ ಬೀದಿದೀಪವಾದರೋ ಕತ್ತಲನ್ನು ಅಳೆಯುವುದಿಲ್ಲ. ಮೋಡ ಕವಿದು ಹಗಲಲ್ಲೇ ಕತ್ತಲಾದರೂ ಅದು ಹತ್ತದು. ಆಟೋ ಸ್ಟಾರ್ಟರಿನ ಸ್ಥಾನ ಈ ಬೀದಿದೀಪದ ಪಕ್ಕದಲ್ಲಿ.

ಸ್ವಯಂನಿಯಂತ್ರಣಕ್ಕೆ ವಿದ್ಯುತ್ತಾಗಲಿ ಗಣಕಯಂತ್ರವಾಗಲಿ ಇರಲೇಬೇಕೆಂಬ ನಿಯಮವಿಲ್ಲ. ಇದಕ್ಕೆ ನಮ್ಮ ನಾಡಿನವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಕೃತಿಗಿಂತ ಮಿಗಿಲಾದ ನಿದರ್ಶನವಿಲ್ಲ. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗ ಅವರು ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಯೋಜಿಸಿದರು. 1903ರಲ್ಲಿ ಅವು ಅಲ್ಲಿ ಅಳವಟ್ಟವು. ಅದಕ್ಕೆ ಅವರು ಪೇಟೆಂಟನ್ನೂ ಪಡೆದರು. ಅನಂತರ ಗ್ವಾಲಿಯರಿನ ತಿಗ್ರಾ ಅಣೆಕಟ್ಟೆಯಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಈ ಬಗೆಯ ಬಾಗಿಲುಗಳು ಬಂದವು. ಇದರ ತತ್ತ್ವ ಬಹು ಸರಳವಾದುದು. ಜಲಾಶಯದ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಹೆಚ್ಚಿನ ನೀರು ಒಂದು ಬಾವಿಯೊಳಕ್ಕೆ ಇಳಿಯುತ್ತದೆ; ಬಾವಿಯ ತೇಲುಬುಂಡೆ ಮತ್ತು ಬಾಗಿಲುಗಳಿಗೆ ಕಟ್ಟಿದ ತೂಗುಭಾರಗಳ ಸಮತೋಲ ತಪ್ಪಿ ಬಾಗಿಲುಗಳು ತೆರೆದುಕೊಳ್ಳುತ್ತವೆ; ಮಟ್ಟ ಇಳಿದಾಗ ಬಾವಿ ಬರಿದಾಗಿ ಅವು ಮತ್ತೆ ಮುಚ್ಚಿಕೊಳ್ಳುತ್ತವೆ. ಯಾವ ನೀರನ್ನು ಹತೋಟಿಯಲ್ಲಿಡಬೇಕೋ ಆ ನೀರೇ ಅಳೆಯುವ ಕೋಲೂ ಆಯಿತು, ಬಾಗಿಲನ್ನೆಳೆಯುವ ಕೈಯೂ ಆಯಿತು. ಇವುಗಳಿಗೆ ‘ಸ್ವಯಂಚಾಲಿತ’ವೆಂಬ ಹೆಸರೇ ರೂಢಿಯಲ್ಲಿದ್ದರೂ ತತ್ತ್ವತಃ ಇವು ಸ್ವಯಂನಿಯಂತ್ರಿತವಾದವು. ನಡುರಾತ್ರಿ ಪ್ರವಾಹ ಬಂದರೂ ಕಾವಲುಗಾರನು ಎಚ್ಚರವಾಗಿರುವನೋ ಇಲ್ಲವೋ ಎಂಬ ಚಿಂತೆ ಇದರಿಂದ ಕಡಮೆಯಾಯಿತು.

ಹಿಮ್ಮಾಹಿತಿ ಇದ್ದಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ವಿದ್ಯಾರ್ಥಿಗಳು ತಿಳಿಯಬಾರದು. ಜೇಮ್ಸ್ ವಾಟನು 1788ರಲ್ಲಿ ಉಗಿಯಂತ್ರದ ವೇಗವನ್ನು ಸಮವಾಗಿಡಲು ಎರಡು ಗುಂಡುಗಳು ತಿರುಗುವ ಗವರ್ನರನ್ನು ಅಳವಡಿಸಿದನು. ವೇಗ ಹೆಚ್ಚಿದರೆ ಗುಂಡುಗಳು ದೂರ ಸರಿದು ಉಗಿಯನ್ನು ಕಡಮೆಮಾಡುವುವು. ವೇಗ ತಗ್ಗಿದರೆ ಹತ್ತಿರ ಬಂದು ಹೆಚ್ಚಿಸುವುವು. ಆದರೆ ಕೆಲವು ಯಂತ್ರಗಳಲ್ಲಿ ವೇಗವು ಸಮವಾಗುವ ಬದಲು ಏರುತ್ತ ಇಳಿಯುತ್ತ ತೂಗಾಡುತ್ತಿತ್ತು. ಇದರ ಕಾರಣವನ್ನು ಗಣಿತದಿಂದ ಶೋಧಿಸಿ 1868ರಲ್ಲಿ ಪ್ರಕಟಿಸಿದವನು ವಿದ್ಯುತ್ಕಾಂತ ಸಿದ್ಧಾಂತದ ಕರ್ತನಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ತಿದ್ದುವಿಕೆ ಹೊತ್ತುಮೀರಿ ಬಂದರೆ ಅದೇ ಕೇಡನ್ನು ಹೆಚ್ಚಿಸಬಹುದು. ತೂಗುವ ಉಯ್ಯಾಲೆಯನ್ನು ನಿಲ್ಲಿಸಲು ಅದು ನಮ್ಮತ್ತ ಬರುತ್ತಿರುವಾಗ ತಡೆಯಬೇಕು. ನಮ್ಮಿಂದ ದೂರಸರಿಯುವಾಗ ಅದೇ ಕೈಯಿಂದ ಅದೇ ದಿಕ್ಕಿನಲ್ಲಿ ತಳ್ಳಿದರೆ ಅದು ಇನ್ನೂ ಎತ್ತರಕ್ಕೆ ಹೋಗುತ್ತದೆ. ಅಣೆಕಟ್ಟೆಯಲ್ಲಿ ಬಿಟ್ಟ ನೀರು ಕಾಲುವೆಯ ಕೊನೆಗೆ ತಲುಪಲು ಬಹಳ ಹೊತ್ತು ಬೇಕು. ಕೊನೆಯಲ್ಲಿ ನೀರಿಲ್ಲವೆಂದು ಗಳಿಗೆಗೊಮ್ಮೆ ಬಾಗಿಲನ್ನೆತ್ತುವವನು ಕೊನೆಗೆ ಕಾಲುವೆಯ ಏರಿಯನ್ನೇ ಒಡೆಸುವನು. ಅಳತೆ ಸರಿಯಾಗಿರಬೇಕು; ಸಕಾಲದಲ್ಲಿ ಬರಬೇಕು; ತಿದ್ದುವ ಕೈ ಮಿತಿಯರಿತಿರಬೇಕು.

ಇನ್ನು ಆಟೋ ಸ್ಟಾರ್ಟರು ವಿದ್ಯುತ್ತಿಗೆ ಮಾಡುವ ಕೇಡನ್ನು ಲೆಕ್ಕಹಾಕೋಣ. 63 ಕೆ.ವಿ.ಎ. ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರಿಗೆ 5 ಅಶ್ವಶಕ್ತಿಯ ಹತ್ತು ಮೋಟಾರುಗಳು ಸೇರಿವೆಯೆಂದು ಇಟ್ಟುಕೊಳ್ಳಿ. 415 ವೋಲ್ಟಿನಲ್ಲಿ ಆ ಟ್ರಾನ್ಸ್‌ಫಾರ್ಮರು ಪ್ರತಿ ಫೇಸಿಗೆ ಸುಮಾರು 88 ಆಂಪಿಯರುಗಳನ್ನು ಕೊಡಬಲ್ಲದು. ಓಡುತ್ತಿರುವ ಮೋಟಾರೊಂದಕ್ಕೆ ಸುಮಾರು 7.5 ಆಂಪಿಯರು ಸಾಕು, ಹತ್ತಕ್ಕೆ 75. ಕೆಲಸ ಸುಗಮ. ಆದರೆ ನಿಂತ ಮೋಟಾರನ್ನು ನೇರವಾಗಿ ಜಾಲಕ್ಕೆ ಕೂಡಿಸಿದಾಗ ಅದು ಕೆಲವು ಕ್ಷಣಗಳ ಕಾಲ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆರು ಪಟ್ಟೆಂದರೆ ಒಂದಕ್ಕೆ 45, ಹತ್ತಕ್ಕೆ 450 ಆಂಪಿಯರು; ಸಾಮರ್ಥ್ಯದ ಐದು ಪಟ್ಟು! ವಿದ್ಯುತ್ತು ಬಂದ ಗಳಿಗೆಯಲ್ಲೇ ಹತ್ತು ಪೆಟ್ಟಿಗೆಗಳೂ ಒಟ್ಟಿಗೆ ಎಚ್ಚರಗೊಂಡರೆ ಆಗುವುದು ಇದೇ. ಹೊರೆ ಹೆಚ್ಚಾದಾಗ ವೋಲ್ಟೇಜು ಕುಸಿಯುತ್ತದೆ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ, ವೋಲ್ಟೇಜು ನೂರಕ್ಕೆ 70ಕ್ಕೆ ಇಳಿದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಮೋಟಾರು ವೇಗ ಹಿಡಿಯಲು ತಡಮಾಡುತ್ತದೆ. ತಡವಾದಷ್ಟೂ ಹೊರೆ ಮುಂದುವರಿದು ವೋಲ್ಟೇಜು ಮೇಲೇಳದು. ಇಲ್ಲಿಯೂ ಫಲ ಹಿಂದಿರುಗಿ ಕಾರಣವನ್ನು ಮುಟ್ಟುತ್ತಿದೆ, ಆದರೆ ತಿದ್ದುವುದಕ್ಕಲ್ಲ, ಕೆಡಿಸುವುದಕ್ಕೆ. ಫ್ಯೂಸು ಹಾರುತ್ತದೆ, ಇಲ್ಲವೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಆಮೇಲೆ ಊರಿಗೆಲ್ಲ ಕಾಯುವ ಶಿಕ್ಷೆ.

ದೊಡ್ಡ ಜಾಲದಲ್ಲಿ ಈ ಆಘಾತವನ್ನು ತಾಳಿಕೊಳ್ಳುವ ನಿಯಂತ್ರಕಗಳಿವೆ. ತಿರುಮಕೂಡಲಿನಲ್ಲಿ ಕೂಡಿದ ನೀರು ತಲಕಾಡನ್ನು ದಾಟಿ ಶಿವನಸಮುದ್ರಕ್ಕೆ ಹೋಗುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇಂಥ ಕೇಂದ್ರಗಳ ಟರ್ಬೈನುಗಳಿಗೆ ವೇಗವನ್ನು ಅಳೆದು ನೀರನ್ನು ಹೆಚ್ಚುಕಡಮೆ ಮಾಡುವ ಗವರ್ನರುಗಳು ಇದ್ದೇ ಇರಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ ಕೂಡಿದಂದಿನಿಂದ ದಕ್ಷಿಣ ಭಾರತದ ಜಾಲವೂ ಉಳಿದ ದೇಶದ ಜಾಲವೂ ಒಂದೇ ಆವೃತ್ತಿಯಲ್ಲಿ ಮಿಡಿಯುತ್ತಿವೆ. ಹೊರೆ ಹೆಚ್ಚಿದರೆ ಆವೃತ್ತಿ 50 ಹರ್ಟ್ಸಿನಿಂದ ತುಸು ತಗ್ಗುತ್ತದೆ. ಅದನ್ನರಿತು ದೂರದೂರದ ಟರ್ಬೈನುಗಳು ತಮ್ಮನ್ನು ತಿದ್ದಿಕೊಳ್ಳುತ್ತವೆ. ಹೊಲದ ಪೆಟ್ಟಿಗೆಯ ಅವಿವೇಕವನ್ನು ಕೇಂದ್ರದ ಗವರ್ನರಿನ ವಿವೇಕ ಹೊತ್ತುಕೊಳ್ಳುತ್ತಿದೆಯೆನ್ನಬಹುದು. ಊರ ಮುಂದಿನ ಟ್ರಾನ್ಸ್‌ಫಾರ್ಮರಿಗಾದರೋ ಅಂಥ ಆಸರೆಯಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬೆಲೆಯೆಂಬುದೂ ಒಂದು ಬಗೆಯ ಹಿಮ್ಮಾಹಿತಿಯೇ. ಹೆಚ್ಚು ಬಳಸಿದವನಿಗೆ ಹೆಚ್ಚಿನ ಬಿಲ್ಲು ಬಂದರೆ ಅದು ಅವನ ಕೈಯನ್ನು ಹಿಡಿಯುತ್ತದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳ ವಿದ್ಯುತ್ತಿನ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಸಣ್ಣ ಹಿಡುವಳಿದಾರನ ಬಾಳನ್ನು ಕಂಡವರು ಇದನ್ನು ಸುಲಭವಾಗಿ ಹಳಿಯಲಾರರು, ನಾವೂ ಹಳಿಯುವುದಿಲ್ಲ. ಆದರೆ ಬೆಲೆಯ ಹಿಮ್ಮಾಹಿತಿಯನ್ನು ತೆಗೆದ ಮೇಲೆ ನೆಲದ ಹಿಮ್ಮಾಹಿತಿಯನ್ನಾದರೂ ಕೂಡಿಸಬೇಕಾಗಿತ್ತು. ಎರಡೂ ಇಲ್ಲದಿದ್ದರೆ, ಕೊಳವೆಬಾವಿ ಬತ್ತಿದಾಗಲೇ ಸುದ್ದಿ ಮುಟ್ಟುವುದು. ಆಗ ತಿದ್ದಲು ಏನೂ ಉಳಿದಿರುವುದಿಲ್ಲ.

ಇದಕ್ಕೆಲ್ಲ ಬೆಲೆಯುಳ್ಳ ಉಪಕರಣಗಳು ಬೇಕು, ತಂತಿಯನ್ನು ಇಲಿ ಕಡಿದರೆ ಸರಿಮಾಡುವವರು ಯಾರು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಆದುದರಿಂದ ಸರಳವಾದುದರಿಂದ ಆರಂಭಿಸಬೇಕೆಂದು ನಾವು ಹೇಳುತ್ತೇವೆ. ಹತ್ತು ಪೆಟ್ಟಿಗೆಗಳೂ ಒಂದಾದಮೇಲೊಂದು ಅರ್ಧರ್ಧ ನಿಮಿಷ ಬಿಟ್ಟು ಏಳುವಂತೆ ಹೊಂದಿಸಿದರೆ, ಕೊನೆಯ ಮೋಟಾರು ಏಳುವಾಗ ಓಡುವ ಒಂಬತ್ತಕ್ಕೆ 67.5, ಏಳುವ ಒಂದಕ್ಕೆ 45, ಒಟ್ಟು ಸುಮಾರು 112 ಆಂಪಿಯರು. ಕೆಲವು ಕ್ಷಣಗಳ ಮಟ್ಟಿಗೆ ಟ್ರಾನ್ಸ್‌ಫಾರ್ಮರು ಅದನ್ನು ತಾಳಬಲ್ಲದು. ಇದಕ್ಕೆ ಬೇಕಾದುದು ನೆರೆಹೊರೆಯವರ ಒಪ್ಪಂದ ಮತ್ತು ಪ್ರತಿ ಪೆಟ್ಟಿಗೆಯಲ್ಲೊಂದು ಕಾಲನಿಯಾಮಕ. ಬತ್ತದ ಗದ್ದೆಗೆ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯವರು ಬಳಕೆಗೆ ತಂದ ಉಪಾಯ ಇನ್ನೂ ಅಗ್ಗವಾದುದು: ತೂತು ಕೊರೆದ ಒಂದು ಮೊಳ ಕೊಳವೆಯನ್ನು ಗದ್ದೆಯಲ್ಲಿ ಹೂಳುವುದು, ಅದರೊಳಗಿನ ನೀರು ನೆಲದ ಮಟ್ಟಕ್ಕಿಂತ 15 ಸೆಂಟಿಮೀಟರು ಕೆಳಗಿಳಿದಾಗ ಮಾತ್ರ ನೀರು ಹಾಯಿಸುವುದು, ಹೂಬಿಡುವ ಕಾಲದಲ್ಲಿ ಮಾತ್ರ ನೀರು ನಿಲ್ಲಿಸುವುದು. ಇಲ್ಲಿ ಅಳೆಯುವುದು ಕೊಳವೆ, ಹೋಲಿಸುವುದು ರೈತನ ಕಣ್ಣು. ಸುತ್ತು ಮುಚ್ಚಿತು. ಇದಾದ ಮೇಲೆ ಮಣ್ಣಿನ ತೇವವನ್ನು ಅಳೆದು ಮೋಟಾರನ್ನು ನಿಲ್ಲಿಸುವ ವಿದ್ಯುನ್ಮಾನ ಸಾಧನಗಳು ಬರಲಿ. ಅವುಗಳ ಬೆಲೆಯೂ ವರ್ಷವರ್ಷಕ್ಕೆ ಇಳಿಯುತ್ತಿದೆ.

ಭೌತಶಾಸ್ತ್ರವನ್ನು ಬೋಧಿಸುವ ನಮ್ಮ ಪಾಲೂ ಇದರಲ್ಲಿ ಉಂಟು. ಪದವಿಪೂರ್ವ ತರಗತಿಗಳಲ್ಲಿ ಯಂತ್ರಶಾಸ್ತ್ರ, ಶಾಖ, ವಿದ್ಯುತ್ತುಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಇವೆಲ್ಲವನ್ನೂ ಹೆಣೆಯುವ ಹಿಮ್ಮಾಹಿತಿಗೆ ಪ್ರತ್ಯೇಕ ಅಧ್ಯಾಯವಿಲ್ಲ. ತೇಲುಗುಂಡು ಒಂದು, ಎರಡು ಲೋಹದ ಪಟ್ಟಿ ಒಂದು, ಚಿಕ್ಕ ಮೋಟಾರೊಂದು ಇದ್ದರೆ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೇ ಇದನ್ನು ಕಲಿಸಬಹುದು. ಅಧ್ಯಾಯ ಬರುವವರೆಗೂ ವಿದ್ಯಾರ್ಥಿಗಳು ಸುಮ್ಮನಿರಬೇಕಾಗಿಲ್ಲ. ತಮ್ಮ ಮನೆ, ಹೊಲ, ಊರುಗಳಲ್ಲಿ ‘ಆಟೋಮ್ಯಾಟಿಕ್’ ಎಂಬ ಹೆಸರು ಹೊತ್ತ ಪ್ರತಿಯೊಂದು ಯಂತ್ರದ ಮುಂದೆಯೂ ನಿಂತು, ‘ಇದು ಅಳೆಯುವುದು ಏನನ್ನು? ನಮಗೆ ಬೇಕಾದ ಫಲವನ್ನೋ, ಬೇರೆ ಯಾವುದನ್ನೋ?’ ಎಂದು ಕೇಳಲಿ. ಅದು ಫಲವನ್ನು ಅಳೆಯುತ್ತಿಲ್ಲವೆಂದು ಕಂಡರೆ, ಅಳೆಯುವಂತೆ ಮಾಡುವ ಬಗೆಯನ್ನು ಹಿರಿಯರೊಡನೆ ಕೂಡಿ ಯೋಚಿಸಲಿ. ಹೊಲದಲ್ಲಿ ಹುಟ್ಟಿ ಬೆಳೆದು ಭೌತಶಾಸ್ತ್ರವನ್ನೂ ಓದುವ ವಿದ್ಯಾರ್ಥಿಗಿಂತ ಈ ಕೆಲಸಕ್ಕೆ ಯೋಗ್ಯರಾದವರು ಬೇರೆ ಯಾರಿದ್ದಾರೆ?